ಆಫೀಸಿನ 11 ಹಳೇ ಡೆಸ್ಕ್‌ಟಾಪ್, ನಮ್ಮೂರ ಅರಿವು ಕೇಂದ್ರ: ಲಿನಕ್ಸ್ ಹಾಕಿ ಕೊಟ್ಟರೆ ನಡೆಯುತ್ತಾ?

ಕೊಬ್ಬರಿ_ಗಿಟುಕು

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರು ಕಡೆಯವನು, ಬೆಂಗಳೂರಲ್ಲಿ ಒಂದು ಸಣ್ಣ ಕಂಪನಿಯ ಅಕೌಂಟ್ಸ್‌ನಲ್ಲಿ ಕೆಲಸ. ಎಕ್ಸೆಲ್ ಗೊತ್ತು, ಸ್ಕ್ರೂಡ್ರೈವರ್ ಗೊತ್ತಿಲ್ಲ. ಅಷ್ಟು ತಿಳಿದುಕೊಂಡು ಉತ್ತರ ಕೊಡಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತಲ್ಲ, ನಮ್ಮ ಆಫೀಸಿನ ಹಳೇ ಕಂಪ್ಯೂಟರುಗಳಿಗೆ ಅಲ್ಲಿಂದ ಗ್ರಹಚಾರ ಶುರು. ವಿಂಡೋಸ್ 11 ಇವಕ್ಕೆ ಹತ್ತಲ್ಲ. ಇಂಟೆಲ್ ಆದರೆ 8ನೇ ತಲೆಮಾರಿನ ಪ್ರೊಸೆಸರ್ ಇರಬೇಕಂತೆ, ಟಿಪಿಎಂ 2.0 ಅನ್ನೋ ಸುರಕ್ಷತಾ ಚಿಪ್ ಇರಬೇಕಂತೆ. ನಮ್ಮಲ್ಲಿರೋದು 2ನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, ಅಂಥವು 8. ಇನ್ನೂ ಹಳೇ ಕೋರ್ 2 ಡುಯೊ, 2 ಜಿಬಿ, ಅಂಥವು 3. ಗುಜರಿಯವನು ಬಂದು ಕಬ್ಬಿಣದ ಲೆಕ್ಕದಲ್ಲಿ ತೂಕಕ್ಕೆ ಬೆಲೆ ಕಟ್ಟಿದ. ಹೊಟ್ಟೆ ಉರೀತು. ಬಾಸ್ ಹತ್ರ ಕೇಳಿದರೆ "ನೀನೇ ತಗೊಂಡು ಹೋಗು, ಹಾರ್ಡ್‌ಡಿಸ್ಕ್ ಮಾತ್ರ ಕೊಡಲ್ಲ" ಅಂದರು. ಗಿರಾಕಿಗಳ ಲೆಕ್ಕಪತ್ರ ಅದರಲ್ಲಿದೆ, ಅವರು ಹೇಳೋದೂ ಸರಿ.

ನಮ್ಮೂರ ಪಂಚಾಯಿತಿ ಲೈಬ್ರರಿ ಈಗ ಅರಿವು ಕೇಂದ್ರ. ಅಲ್ಲಿರೋದು ಒಂದೇ ಕಂಪ್ಯೂಟರ್. ಹಬ್ಬಕ್ಕೆ ಹೋದಾಗ ನೋಡಿದೆ, ಒಬ್ಬ ಕೂತಿದ್ದ, ಏಳು ಜನ ಅವನ ಹೆಗಲ ಮೇಲಿಂದ ಬಗ್ಗಿ ನೋಡ್ತಿದ್ದರು. ಈ ಹನ್ನೊಂದನ್ನೂ ಅಲ್ಲಿಗೆ ಕೊಡೋಣ ಅಂತ ಆಸೆ. ವಿಂಡೋಸ್ ಬದಲು ಪುಕ್ಕಟೆ ಸಿಗೋ ಲಿನಕ್ಸ್ ಇದೆಯಲ್ಲ, ಅದರಲ್ಲಿ ಯಾವುದು ಹಾಕಲಿ? ಕನ್ನಡ ಸರಿಯಾಗಿ ಬರುತ್ತಾ? ಹಾರ್ಡ್‌ಡಿಸ್ಕ್ ಇಲ್ಲದ ಡಬ್ಬಕ್ಕೆ ಏನು ಮಾಡೋದು?

---

ಎಸ್‌ಎಂಪಿಎಸ್_ಮಾಮ

ನೋಡಪ್ಪ, ನಾನು ನಿಮ್ಮ ಪಕ್ಕದ ಅರಸೀಕೆರೆಯವನು. ಹತ್ತೊಂಬತ್ತು ವರ್ಷದಿಂದ ರಿಪೇರಿ ಅಂಗಡಿ. ಯಾವ ಲಿನಕ್ಸ್ ಅನ್ನೋದು ಆಮೇಲೆ. ಕೆಟ್ಟು ನಿಂತಾಗ ಆ ಲೈಬ್ರರಿಯವರು ಯಾರಿಗೆ ಫೋನ್ ಮಾಡ್ತಾರೆ, ಅದನ್ನ ಮೊದಲು ಹೇಳು.

ಯಾಕೆ ಕೇಳ್ತೀನಿ ಅಂದರೆ, 2019ರಲ್ಲಿ ಒಂದು ಹಾಸ್ಟೆಲಿಗೆ ನಾನೇ 12 ಕೊಟ್ಟಿದ್ದೆ. ಮೂರು ಭಾನುವಾರ ಅಂಗಡಿ ಶೆಟರ್ ಅರ್ಧ ಇಳಿಸಿಕೊಂಡು ಕೂತು ಒರೆಸಿ, ಜೋಡಿಸಿ, ಲಿನಕ್ಸ್ ಹಾಕಿ, ಸಾಲಾಗಿ ಇಟ್ಟು ಬಂದೆ. ಹಾರ ಆಯ್ತು, ಕೇಸರಿಬಾತೂ ಆಯ್ತು. ಆರು ತಿಂಗಳು ಬಿಟ್ಟು ಆ ಕಡೆ ಹೋದಾಗ ಇಣುಕಿದರೆ ಹನ್ನೆರಡಕ್ಕೂ ಹಳೇ ಬೆಡ್‌ಶೀಟ್ ಹೊದಿಸಿ ಮಲಗಿಸಿದ್ದರು. ತಪ್ಪು ನಂದೇ. ಅಡ್ಮಿನ್ ಪಾಸ್‌ವರ್ಡ್ ನನ್ನ ಡೈರಿಯಲ್ಲಿತ್ತು. ಹುಡುಗರು ಪೆನ್‌ಡ್ರೈವಲ್ಲಿ ತಂದ, ಹಳೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಕೊಂಬು, ಟೋಪಿ, ಚುಕ್ಕಿ. "ಈ ಕಂಪ್ಯೂಟರಿಗೆ ಕನ್ನಡ ಬರಲ್ಲ" ಅಂತ ತೀರ್ಮಾನ ಮಾಡಿ ಬಿಟ್ಟರು. ನನಗೆ ಒಂದು ಫೋನ್ ಮಾಡಿದ್ದರೆ ಹತ್ತು ನಿಮಿಷದ ಕೆಲಸ. ಮಾಡಲಿಲ್ಲ, ಯಾಕಂದರೆ ನಂಬರ್ ಎಲ್ಲೂ ಬರೆದಿಟ್ಟಿರಲಿಲ್ಲ.

ಆಮೇಲಿಂದ ನಾನು ಜಾಸ್ತಿ ಕೊಡೋದು ಬಿಟ್ಟೆ. ನೀನೂ 11 ಅನ್ನೋದನ್ನ ಮರೆತುಬಿಡು. ಆರು ಎದ್ದು ನಿಂತರೆ ದೊಡ್ಡದು. ಉಳಿದವನ್ನ ಬಿಚ್ಚಿ ರ‍್ಯಾಮು, ಫ್ಯಾನು, ಎಸ್‌ಎಂಪಿಎಸ್ಸು (ಒಳಗೆ ಕರೆಂಟ್ ಕೊಡೋ ಪೆಟ್ಟಿಗೆ) ಒಂದು ರಟ್ಟಿನ ಡಬ್ಬಕ್ಕೆ ಹಾಕಿ ಇಟ್ಟುಕೋ. ಚಿಕ್ಕ ಡಬ್ಬಿ ಮಾದರಿಯ ಬ್ರ್ಯಾಂಡೆಡ್ ಯಂತ್ರಕ್ಕೆ ಅಂಗಡಿಯ ಸಾಮಾನ್ಯ ಎಸ್‌ಎಂಪಿಎಸ್ ಕೂರೋದೇ ಇಲ್ಲ, ಅದರ ಆಕಾರವೇ ಬೇರೆ. ಎರಡು ವರ್ಷ ಬಿಟ್ಟು ಒಂದು ಸುಟ್ಟರೆ ನಿನ್ನನ್ನ ಕಾಪಾಡೋದು ಆ ಡಬ್ಬ.

ಈಗ ಕೈ ಕೆಲಸ. ಮುಚ್ಚಳ ತೆಗೆದು ಬ್ಲೋಯರ್ ಹಿಡಿ, ಮನೆ ಹೊರಗೆ ಹಿಡಿ. ಹೆಂಡತಿ ಬೈದರೆ ನಾನು ಹೊಣೆ ಅಲ್ಲ. ಫ್ಯಾನ್ ರೆಕ್ಕೆಗೆ ಬೆರಳಿಟ್ಟುಕೊಂಡು ಗಾಳಿ ಬಿಡು, ಸುಮ್ಮನೆ ಗಿರ್ ಅಂತ ತಿರುಗಿಸಬೇಡ. ಡಿಸ್‌ಪ್ಲೇ ಬರದೆ ಬರೀ ಬೀಪ್ ಬೀಪ್ ಅಂದರೆ ಅರ್ಧಕ್ಕರ್ಧ ಸಲ ರ‍್ಯಾಮ್ ದೋಷ. ಕಿತ್ತು ಅದರ ಚಿನ್ನದ ಬಣ್ಣದ ಹಲ್ಲುಗಳನ್ನ ಮಕ್ಕಳು ಪೆನ್ಸಿಲ್ ಅಳಿಸೋ ರಬ್ಬರಿಂದ ಮೆಲ್ಲಗೆ ಉಜ್ಜಿ, ಚೂರು ಉದುರಿಸಿ, ಕಟ್ ಅನ್ನೋವರೆಗೆ ಒತ್ತಿ ಕೂರಿಸು. ಮದರ್‌ಬೋರ್ಡ್ ಮೇಲಿನ ಕೆಪಾಸಿಟರ್ ತಲೆ ಚಪಾತಿ ಉಬ್ಬಿದ ಹಾಗೆ ಉಬ್ಬಿದ್ದರೆ ಆ ಬೋರ್ಡಿಗೆ ದುಡ್ಡು ಹಾಕಬೇಡ.

ಇನ್ನು ಬಟನ್ ಸೆಲ್, ಸಿಆರ್2032. ಇದನ್ನ ಎಲ್ಲಾ ಯಂತ್ರಕ್ಕೂ ಹೊಸದು ಹಾಕು. ಇದು ಸತ್ತರೆ ಪ್ರತಿ ಸಲ ಆನ್ ಮಾಡಿದಾಗ ಎಫ್1 ಒತ್ತು ಅನ್ನುತ್ತೆ. ಅದನ್ನಾದರೂ ತಡ್ಕೋಬಹುದು, ತಾರೀಖು ಹಳೇ ವರ್ಷಕ್ಕೆ ಓಡಿಹೋಗುತ್ತೆ ನೋಡು, ಅದು ಕಷ್ಟ. ತಾರೀಖು ತಪ್ಪಾದರೆ ಬ್ರೌಸರು ಯಾವ ವೆಬ್‌ಸೈಟಿನ ಪ್ರಮಾಣಪತ್ರವನ್ನೂ ನಂಬಲ್ಲ, "ಸಂಪರ್ಕ ಸುರಕ್ಷಿತವಲ್ಲ" ಅಂತ ಬಾಗಿಲು ಹಾಕುತ್ತೆ. ಹಳ್ಳಿಯಲ್ಲಿ ಇದನ್ನ "ಇಂಟರ್ನೆಟ್ ಹೋಗಿದೆ" ಅಂತಾರೆ. ಒಂದು ಕಾಸಿನ ಸೆಲ್ಲಿಗೆ ನಾನು ನಲವತ್ತು ಕಿಲೋಮೀಟರ್ ಬೈಕ್ ಓಡಿಸಿದ್ದೀನಿ.

ಹಾರ್ಡ್‌ಡಿಸ್ಕ್ ಕೊಡಲ್ಲ ಅಂದಿದ್ದು ಒಳ್ಳೇದೇ ಆಯ್ತು. ಹಳೇ ಹಾರ್ಡ್‌ಡಿಸ್ಕಿಗಿಂತ 120 ಜಿಬಿಯ ಎಸ್‌ಎಸ್‌ಡಿ (ತಿರುಗೋ ತಟ್ಟೆ ಇಲ್ಲದ, ಚಿಪ್ಪಿನ ಡಿಸ್ಕು) ಸಾವಿರ ಪಾಲು ಮೇಲು. ಈ ವಯಸ್ಸಿನ ಯಂತ್ರದಲ್ಲಿ ನಿಧಾನ ಅನ್ನೋದು ಬಹುಪಾಲು ಡಿಸ್ಕಿನ ನಿಧಾನ. ನಿನ್ನ ಪೂರ್ತಿ ಖರ್ಚು ಅಂದರೆ ಇದೇ, ಗೆಳೆಯರ ಹತ್ರ ತಲೆಗೆ ಒಂದೊಂದು ಎತ್ತು.

ಲಿನಕ್ಸ್: ಐ3ಗಳಿಗೆ ಲಿನಕ್ಸ್ ಮಿಂಟ್ 22, ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಆವೃತ್ತಿ. 2029ರವರೆಗೆ ಅಪ್‌ಡೇಟ್ ಬರುತ್ತೆ, ನೋಡೋಕೂ ಹಳೇ ವಿಂಡೋಸ್ ಥರ, ಎಡಗಡೆ ಮೂಲೆಯಲ್ಲಿ ಮೆನು. ಕೋರ್ 2 ಡುಯೊ ಕೂಡ 64 ಬಿಟ್ಟಿನದೇ, ಹಾಗಾಗಿ ಹಾಕೋಕೆ ಅಡ್ಡಿಯಿಲ್ಲ, ಆದರೆ 2 ಜಿಬಿಯಲ್ಲಿ ಫೈರ್‌ಫಾಕ್ಸ್ ಮೂರು ಟ್ಯಾಬ್ ತೆರೆದರೆ ಏದುಸಿರು. ಲಿನಕ್ಸ್ ಹಗುರವಾದರೆ ಏನು ಬಂತು, ಈಗಿನ ವೆಬ್‌ಸೈಟು ಹಗುರವಲ್ಲವಲ್ಲ. ಆ ಮೂರನ್ನ ಚಿಕ್ಕ ಮಕ್ಕಳಿಗೆ ಬಿಡು: ಚಿತ್ರ ಬರೆಯೋಕೆ ಟಕ್ಸ್ ಪೇಂಟ್, ಆಟದ ಪಾಠಕ್ಕೆ ಜಿಕಾಂಪ್ರಿ. ಮೌಸ್ ಹಿಡಿಯೋದು ಕಲಿಯೋಕೆ ಅದಕ್ಕಿಂತ ಬೇರೆ ಬೇಡ. ಅವುಗಳ ರ‍್ಯಾಮ್ ಡಿಡಿಆರ್2 ಇದ್ದರೆ ಐ3ಗೆ ಕೂರಲ್ಲ, ಗೀರು ಬೇರೆ ಜಾಗದಲ್ಲಿರುತ್ತೆ, ಒತ್ತಾಯ ಮಾಡಬೇಡ.

ಒಂದು ಯಂತ್ರ ಪೂರ್ತಿ ಸಿದ್ಧ ಮಾಡು, ಉಳಿದವಕ್ಕೆ ಕ್ಲೋನ್‌ಜಿಲ್ಲಾ ಅನ್ನೋ ತಂತ್ರಾಂಶದಿಂದ ಅದರ ಡಿಸ್ಕಿನ ಅಚ್ಚು ಹೊಡಿ. ಆ ಮೂಲ ಯಂತ್ರದಲ್ಲೇ ಕನ್ನಡದ ಕೆಲಸ ಮುಗಿಸು. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡ ಕಗಪ ಅಂತ ಸಿಗುತ್ತೆ, ಅದನ್ನ ಸೇರಿಸು. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಪದ್ಧತಿ, ನುಡಿಯಲ್ಲಿ ಕೈ ಪಳಗಿದವರಿಗೆ ಹೊಸದಾಗಿ ಕಲಿಯೋದು ಕಮ್ಮಿ, ಒತ್ತಕ್ಷರಕ್ಕೆ ಅದೇ ಎಫ್ ಕೀಲಿ. ಗುಬ್ಬಿ, ನವಿಲು ಫಾಂಟ್ ಹಾಕು. ಹಳೇ ನುಡಿ ಫಾಂಟುಗಳನ್ನೂ ಫಾಂಟ್ ಫೋಲ್ಡರಿಗೆ ಸುರಿ, ಲಿಬ್ರೆಆಫೀಸಿನಲ್ಲಿ (ಎಂಎಸ್ ಆಫೀಸ್ ಥರದ್ದೇ, ಪುಕ್ಕಟೆ) ಹಳೇ ಕಡತ ಓದೋಕೆ ಬರುತ್ತೆ. ತಿದ್ದಬೇಕಾದರೆ ಯೂನಿಕೋಡಿಗೆ (ಈಗ ಎಲ್ಲಾ ಯಂತ್ರಗಳೂ ಓದೋ ಅಕ್ಷರ ಪದ್ಧತಿ) ಬದಲಿಸೋ ಪರಿವರ್ತಕ ಇದೆ, ಅದರ ಐಕಾನ್ ಡೆಸ್ಕ್‌ಟಾಪ್ ಮೇಲೇ ಇಡು. ನನ್ನ ಹನ್ನೆರಡು ಯಂತ್ರ ಮಲಗಿದ್ದು ಇದೊಂದಿಲ್ಲದೆ.

---

ಸರ್ವರ್_ಡೌನ್

ಮಾಮನ ಅನುಭವಕ್ಕೆ ನಮಸ್ಕಾರ, ಆದರೂ ಒಂದು ಕೇಳ್ತೀನಿ. ಪೇಟೆ ಮಕ್ಕಳಿಗೆ ಹೊಸ ಲ್ಯಾಪ್‌ಟಾಪು, ವಿಂಡೋಸು, ಹಳ್ಳಿ ಮಕ್ಕಳಿಗೆ ಗುಜರಿ ಡಬ್ಬ, ಪುಕ್ಕಟೆ ಲಿನಕ್ಸು. ನಾಳೆ ಕೆಲಸಕ್ಕೆ ಹೋದರೆ ಎಕ್ಸೆಲ್ ಬರುತ್ತಾ, ಟ್ಯಾಲಿ ಬರುತ್ತಾ ಅಂತ ಕೇಳ್ತಾರೆ. ಉಪಕಾರ ಅಂದುಕೊಂಡು ಅಪಕಾರ ಮಾಡ್ತಿಲ್ವಾ?

---

ಎಸ್‌ಎಂಪಿಎಸ್_ಮಾಮ

ಟ್ಯಾಲಿ ವಿಷಯದಲ್ಲಿ ನೀನು ಹೇಳೋದು ನಿಜ. ಬಿ.ಕಾಂ. ಹುಡುಗರು ಕೇಳೋದೇ ಅದು, ಲಿನಕ್ಸಿನಲ್ಲಿ ಅದು ನೇರವಾಗಿ ನಡೆಯಲ್ಲ. ಲೈಬ್ರರಿಯ ಈಗಿನ ವಿಂಡೋಸ್ ಯಂತ್ರ ಮುಟ್ಟಬೇಡಿ, ಅದು ಹಾಗೇ ಇರಲಿ. ಹೆಬ್ಬೆಟ್ಟಿನ ಸ್ಕ್ಯಾನರೂ ಅದಕ್ಕೇ ಇರಲಿ, ನನ್ನ ಕೈಗೆ ಬಂದ ಯಾವ ಸ್ಕ್ಯಾನರೂ ಲಿನಕ್ಸಿನಲ್ಲಿ ನೆಟ್ಟಗೆ ಓಡಿಲ್ಲ.

ಎಕ್ಸೆಲ್ ಮಾತು ಬೇರೆ. ಲಿಬ್ರೆಆಫೀಸ್ ಕ್ಯಾಲ್ಕಿನಲ್ಲಿ ಕೂಡಿಸೋದು, ಶೇಕಡಾ ತೆಗೆಯೋದು, ಸೂತ್ರ ಬರೆಯೋದು ಕಲಿತವನು ಎಕ್ಸೆಲ್ ಮುಂದೆ ಅರ್ಧ ದಿನ ತಡಕಾಡ್ತಾನೆ, ಆಮೇಲೆ ಓಡ್ತಾನೆ. ಹೀರೊ ಸೈಕಲ್ ಕಲಿತವನಿಗೆ ಅಟ್ಲಾಸ್ ಬರಲ್ವಾ? ಇನ್ನು ಹಳ್ಳಿಗೆ ವಿಂಡೋಸ್ ಹೋಗೋದು ಅಂದರೆ ಕದ್ದ ವಿಂಡೋಸೇ, ದುಡ್ಡು ಕೊಟ್ಟು ತಂದವರನ್ನ ನಾನು ಅಂಗಡಿಯಲ್ಲಿ ಕಂಡಿದ್ದು ಕಮ್ಮಿ. ಹತ್ತು ಪೆನ್‌ಡ್ರೈವ್ ಹಾಯ್ದ ಮೇಲೆ ವೈರಸ್ ಹತ್ತಿ ಫೋಲ್ಡರೆಲ್ಲ ಶಾರ್ಟ್‌ಕಟ್ ಆಗಿ ನನ್ನ ಹತ್ರ ಬರುತ್ತೆ. ನನಗೆ ಅದರಿಂದ ವ್ಯಾಪಾರ, ಬೇಡ ಅನ್ನಲ್ಲ.

---

ಕಪಾಟಿನ_ಕೀಲಿ

ನಾನು ಬೇರೆ ತಾಲ್ಲೂಕಿನ ಗ್ರಾಮ ಪಂಚಾಯಿತಿ ಲೈಬ್ರರಿ ಮೇಲ್ವಿಚಾರಕಿ. ಕೊಡೋರ ಮಾತು ಕೇಳಿದ್ರಿ, ಇಸ್ಕೊಳ್ಳೋರದ್ದೂ ಸ್ವಲ್ಪ ಕೇಳಿ ಸರ್.

ನೀವು ತಂದಿಟ್ಟ ದಿನ ಅದು ನಮ್ಮ ದಾಸ್ತಾನು ರಿಜಿಸ್ಟರಿಗೆ ಬರುತ್ತೆ. ಆಮೇಲೆ ಅದು ಕೆಟ್ಟರೂ ಸತ್ತರೂ ಲೆಕ್ಕದಲ್ಲಿ ಇರಲೇಬೇಕು. ನನ್ನ ಹತ್ರ ಹಿಂದೆ ಯಾರೋ ಪುಣ್ಯಾತ್ಮರು ಕೊಟ್ಟ ಎರಡು ಮಾನಿಟರ್ ಇವೆ, ಆನ್ ಆಗಲ್ಲ, ಎಸೆಯೋ ಹಾಗೂ ಇಲ್ಲ. ಪ್ರತಿ ತಪಾಸಣೆಗೆ ಒರೆಸಿ ತೋರಿಸ್ತೀನಿ. ಅದಕ್ಕೇ ಕೈ ಮುಗಿದು ಕೇಳ್ತೀನಿ, ಓಡೋದನ್ನ ಮಾತ್ರ ತನ್ನಿ. ಕಂಪನಿಯ ಲೆಟರ್‌ಹೆಡ್‌ನಲ್ಲಿ ಕ್ರಮಸಂಖ್ಯೆ ಸಮೇತ ಪಟ್ಟಿ ಇರೋ ಪತ್ರ ತನ್ನಿ, ಪಿಡಿಒ ಹತ್ರ ಮೊದಲೇ ಮಾತಾಡಿ.

ಇನ್ನೊಂದು, ಟೇಬಲ್ ಇದೆಯಾ ಕೇಳಿದ್ರಾ? ಪ್ಲಗ್ ಪಾಯಿಂಟ್? ನಮ್ಮಲ್ಲಿ ಅರ್ಥಿಂಗ್ ಇರಲಿಲ್ಲ, ಡಬ್ಬ ಮುಟ್ಟಿದರೆ ಜುಮ್ ಅಂತಿತ್ತು. ಹೆಣ್ಣುಮಕ್ಕಳು ಎರಡು ತಿಂಗಳು ಹತ್ರ ಬರಲಿಲ್ಲ. ಕರೆಂಟ್ ಹೇಳಿ ಹೋಗಲ್ಲ, ಒಂದೊಂದಕ್ಕೂ ಸಣ್ಣ ಯುಪಿಎಸ್ ಬೇಕು, ಅದರ ಬ್ಯಾಟರಿ ಎರಡು ಮೂರು ವರ್ಷಕ್ಕೆ ಬದಲಿಸಬೇಕು, ಅದಕ್ಕೆ ದುಡ್ಡು ಯಾರು ಕೊಡ್ತಾರೆ ಅಂತ ಈಗಲೇ ಬರೆದಿಡಿ. ಇಂಟರ್ನೆಟ್ ಇಲ್ಲದ ದಿನಕ್ಕೆ ಕಿವಿಕ್ಸ್ ಅಂತ ಒಂದು ಹಾಕಿಕೊಟ್ಟಿದ್ದಾರೆ, ಅದರೊಳಗೆ ಇಡೀ ಕನ್ನಡ ವಿಕಿಪೀಡಿಯ ಇದೆ. ಪ್ರಬಂಧ ಸ್ಪರ್ಧೆ ಬಂತು ಅಂದರೆ ಮಕ್ಕಳು ಅದನ್ನೇ ಮುತ್ತಿಕೊಳ್ಳೋದು.

---

ಹೊಸೆಲ್ಲಾಪುರ

ಧಾರವಾಡದಿಂದ. ಸರ್ವರ್ ಡೌನ್ ಅವರ ಪ್ರಶ್ನೆಗೆ ಒಂದೆರಡು ಮಾತು ಸೇರಸ್ತೀನ್ರಿ. ಕೇರಳದಾಗ ಐಟಿ@ಸ್ಕೂಲ್ ಅಂತ ಸಾಲಿಗೆ ಕಂಪ್ಯೂಟರ್ ಕಲಿಸೂ ಸರ್ಕಾರಿ ಯೋಜನೆ 2001ರಾಗ ಶುರು ಆತು, 2017ರಾಗ ಕೈಟ್ ಅಂತ ಕಂಪನಿ ಮಾಡಿದ್ರು. ಅಲ್ಲಿ ಸರ್ಕಾರಿ ಸಾಲಿ ಹುಡುಗರು ಕಲಿಯೂದು ಲಿನಕ್ಸಿನಾಗನ. ಅದನ್ನ ಯಾರೂ ಬಡವರ ಪಾಲಿಂದು ಅನ್ನೂದಿಲ್ಲ, ಯಾಕಂದ್ರ ಪಠ್ಯಪುಸ್ತಕನ ಅದಕ್ಕ ಹೊಂದಿಸಿ ಬರದಾರ. ನಮ್ಮಲ್ಲಿ ಡಬ್ಬಾ ಕೊಡ್ತಾರ, ಪಾಠ ಕೊಡೂದಿಲ್ಲ.

ಬೆಂಗಳೂರಿನ ಸುದರ್ಶನ ಲೇಔಟಿನ ಕೊಳಗೇರಿಯೊಳಗ ಎಫ್‌ಎಸ್‌ಎಂಕೆ (ಕರ್ನಾಟಕದ ಮುಕ್ತ ತಂತ್ರಾಂಶ ಚಳವಳಿ) ಹುಡುಗರು ಅಂಬೇಡ್ಕರ್ ಹೆಸರಿನಾಗ ಕಂಪ್ಯೂಟರ್ ಕೇಂದ್ರ ನಡಿಸ್ಯಾರ. ಅಲ್ಲಿ ಮಕ್ಕಳು ಜಿಂಪ್ ಅನ್ನೂ ತಂತ್ರಾಂಶದಾಗ ಚಿತ್ರಾ ಬರೀತಿದ್ರು. ಅಲ್ಲಿ ಕೆಲಸ ಮಾಡಿದ್ದು ಪ್ರತಿ ವಾರ ತಪ್ಪದ ಬಂದು ಕೂತ ಕಾಲೇಜ್ ಹುಡುಗರು. ನಿಮ್ಮೂರಾಗ ಡಿಪ್ಲೊಮಾ ಓದೂ ಹುಡುಗಿನೋ ಹುಡುಗನೋ ಒಬ್ರನ್ನ ಹಿಡೀರಿ, ಪಾಸ್‌ವರ್ಡ್ ಅವರ ಕೈಯಾಗ ಕೊಡ್ರಿ. ಕೆಡಿಸಿದ್ರ ಕೆಡಿಸ್ಲಿ, ಮಾಮಾರ ಅಚ್ಚು ಐತಲ್ಲ, ಅರ್ಧ ತಾಸಿನಾಗ ಮತ್ತ ಹೊಡದ್ರ ಆತು.

---

ಕೊಬ್ಬರಿ_ಗಿಟುಕು

ಐದು ವಾರ ಆಯ್ತು, ವರದಿ ಒಪ್ಪಿಸ್ತೀನಿ.

ಎಂಟು ಐ3ಗಳಲ್ಲಿ ಐದು ಸಲೀಸಾಗಿ ಎದ್ದವು. ಆರನೇದು ಬೀಪ್ ಅಂತಿತ್ತು, ರಬ್ಬರ್ ಹಾಕಿ ಉಜ್ಜಿದೆ, ಎದ್ದಿತು. ಆ ಕ್ಷಣ ನನಗಾದ ಸಂತೋಷ ಬ್ಯಾಲೆನ್ಸ್ ಶೀಟ್ ತಾಳೆಯಾದಾಗಲೂ ಆಗಿಲ್ಲ ಮಾಮ. ಎರಡನ್ನ ಬಿಚ್ಚಿ ಡಬ್ಬಕ್ಕೆ ಹಾಕಿದೆ. ಕೋರ್ 2 ಡುಯೊ ಮೂರರಲ್ಲಿ ಒಂದೇ ಉಳೀತು, ಅದು ಅಂಗನವಾಡಿಗೆ. ಮಿಕ್ಕ ಬೋರ್ಡು, ತಂತಿಗಳನ್ನ ಗುಜರಿಗೆ ಹಾಕದೆ ನೋಂದಾಯಿತ ಇ-ತ್ಯಾಜ್ಯದವರಿಗೆ ಕೊಟ್ಟು ರಸೀದಿ ಇಸ್ಕೊಂಡೆ, ಬಾಸ್ ಅದನ್ನೇ ಕೇಳಿದ್ದು.

ಮೇಡಂ ಹೇಳಿದ ಹಾಗೆ ಮೊದಲು ಹೋಗಿ ನೋಡಿದೆ. ಜಾಗ ಇದ್ದಿದ್ದು ನಾಲ್ಕಕ್ಕೆ, ಪ್ಲಗ್ ಎರಡಕ್ಕೆ. ಅರ್ಥಿಂಗ್ ಮಾಡಿಸೋಕೇ ಒಂದು ಭಾನುವಾರ ಹೋಯ್ತು, ಉಪ್ಪು ಇದ್ದಿಲು ಹೊತ್ತಿದ್ದು ನಾನೇ. ಈಗ ನಾಲ್ಕು ಅಲ್ಲಿವೆ, ಎರಡು ಹೈಸ್ಕೂಲಿಗೆ ಹೋದವು. ಪಾಸ್‌ವರ್ಡ್ ನಮ್ಮ ಬೀದಿಯ ಡಿಪ್ಲೊಮಾ ಹುಡುಗಿ ಹತ್ರ ಇದೆ. ಮೊದಲ ವಾರವೇ ಅವಳು ಪರದೆ ಕೆಳಗಿನ ಮೆನು ಪಟ್ಟಿ (ಪ್ಯಾನಲ್) ಅಳಿಸಿ ಹಾಕಿದಳು, ಅವಳೇ ಅಚ್ಚು ಹೊಡೆದು ಸರಿ ಮಾಡಿದಳು, ನನಗೆ ಹೇಳಿದ್ದು ಆಮೇಲೆ.

ಮಕ್ಕಳಿಗಿಂತ ಮುಂಚೆ ಬಂದು ಕೂತವರು ನಮ್ಮ ದೊಡ್ಡಪ್ಪ. ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆ ನೋಡಿದರು, "ಇದರಲ್ಲೂ ಬೆಲೆ ಅಷ್ಟೇನಾ?" ಅಂತ ಎದ್ದು ಹೋದರು.

ಒಂದು ಬಾಕಿ ಉಳಿದಿದೆ ಮಾಮ. ಲೈಬ್ರರಿಯಲ್ಲಿ ಒಂದು ಪುಟ್ಟ ಲೇಸರ್ ಪ್ರಿಂಟರ್ ಇದೆ, ಊರೂರ ಜೆರಾಕ್ಸ್ ಅಂಗಡಿಯಲ್ಲಿ ಕಾಣೋ ಅಂಥದ್ದೇ. ಲಿನಕ್ಸಿನಲ್ಲಿ ಹೆಸರು ತೋರಿಸುತ್ತೆ, ಪ್ರಿಂಟ್ ಕೊಟ್ಟರೆ ಹಸಿರು ದೀಪ ಮಿಣಕ್ ಅನ್ನುತ್ತೆ, ಹಾಳೆ ಬರಲ್ಲ. ಮುಂದಿನ ಶನಿವಾರ ಅದನ್ನ ಕಂಕುಳಲ್ಲಿ ಇಟ್ಟುಕೊಂಡು ಅರಸೀಕೆರೆಗೆ ಬರ್ತೀನಿ. ಅಂಗಡಿ ಎಷ್ಟು ಹೊತ್ತಿಗೆ ತೆಗೀತೀರಿ?

---

ಎಸ್‌ಎಂಪಿಎಸ್_ಮಾಮ

ಹತ್ತೂವರೆಗೆ. ಯುಎಸ್‌ಬಿ ಕೇಬಲ್ ಮರೀಬೇಡ, ಎಲ್ಲರೂ ಮರೆತು ಬರೋದು ಅದನ್ನೇ.