ಮಗಳು ಕೆಮಿಕಲ್ ಇಂಜಿನಿಯರಿಂಗ್ ಓದುತ್ತೇನೆ ಅಂತಿದ್ದಾಳೆ. ನಾಲ್ಕು ವರ್ಷ ಅದರಲ್ಲಿ ಏನು ಕಲಿಸುತ್ತಾರೆ?

ಕಬ್ಬಿನಗದ್ದೆ (ಮುಧೋಳ):

ಎಲ್ಲರಿಗೂ ನಮಸ್ಕಾರ. ನಾನು ಬಿಎ ಓದಿ ಊರಲ್ಲೇ ಉಳಿದವನು, ಕಬ್ಬು ಬೆಳೆಯುತ್ತೇನೆ. ಮಗಳ ಸಿಇಟಿ ರ‍್ಯಾಂಕ್ ಬಂದಿದೆ. ಕಂಪ್ಯೂಟರ್ ಸೈನ್ಸ್ ಒಳ್ಳೆಯ ಕಾಲೇಜಿನಲ್ಲಿ ಸಿಗುವಷ್ಟಲ್ಲ, ಆದರೆ ತೀರಾ ಕಡಿಮೆಯೂ ಅಲ್ಲ. ಅವಳು ಕೆಮಿಕಲ್ ಇಂಜಿನಿಯರಿಂಗನ್ನೇ ಮೊದಲ ಆಪ್ಷನ್ ಹಾಕಬೇಕು ಅಂತ ಹಟ ಹಿಡಿದಿದ್ದಾಳೆ. ಪಿಯುಸಿಯಲ್ಲಿದ್ದಾಗ ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿ (ಆಲ್ಕೋಹಾಲ್ ತೆಗೆಯುವ ಘಟಕ) ನೋಡಿಕೊಂಡು ಬಂದಳು, ಅವತ್ತಿನಿಂದ ಇದೇ ಮಾತು.

ಬೆಂಗಳೂರಲ್ಲಿರುವ ನಮ್ಮ ಭಾವ, ಐಟಿ ಬಿಟ್ಟು ಬೇರೆ ಯಾವುದೂ ಬೇಡ ಅಂತಾರೆ. ನನಗಿರುವ ಅನುಮಾನ ಬೇರೆ. ಕೆಮಿಕಲ್ ಅಂದರೆ ಕೆಮಿಸ್ಟ್ರಿ ತಾನೇ? ಹಾಗಿದ್ದರೆ ಬಿಎಸ್ಸಿ ಮಾಡಿದರೆ ಆಯಿತಲ್ವಾ? ಈ ನಾಲ್ಕು ವರ್ಷದಲ್ಲಿ ನಿಜವಾಗಿ ಏನು ಓದಿಸುತ್ತಾರೆ? ಓದಿದವರು ಹೇಳಿ. ಕಾಲೇಜಿನ ವೆಬ್‌ಸೈಟ್ ನೋಡಿದೆ, ಸಬ್ಜೆಕ್ಟ್ ಹೆಸರುಗಳಿವೆ, ನನಗೆ ಒಂದೂ ಅರ್ಥವಾಗಲಿಲ್ಲ.

ಕೋಡ್_ಮಾವ:

ಸರ್, ನಾನೂ ಕೆಮಿಕಲ್ಲೇ ಓದಿದ್ದು, ಈಗ ಸಾಫ್ಟ್‌ವೇರ್. ನಮ್ಮ ಕ್ಲಾಸಿನಲ್ಲಿ ಬಹಳ ಜನ ಹೀಗೇ ಬಂದೆವು. ಕೊನೆಗೆ ಇಲ್ಲಿಗೇ ಬರುವುದಾದರೆ ಮೊದಲೇ ಬರಲಿ ಅನ್ನುವುದು ನನ್ನ ಅಭಿಪ್ರಾಯ. ಓದು ಕಷ್ಟವೇ. ಆಸಕ್ತಿ ಇಲ್ಲದವರಿಗಂತೂ ಮೂರನೇ ಸೆಮಿಸ್ಟರ್ ನರಕ.

ಬಿ_ಶಿಫ್ಟ್:

ಮಾವ ಹೇಳಿದ್ದರಲ್ಲಿ ಮೂರನೇ ಸೆಮಿಸ್ಟರಿನ ಮಾತು ನಿಜ. ಉಳಿದದ್ದಕ್ಕೆ ಆಮೇಲೆ ಬರುತ್ತೇನೆ.

ಸರ್, ನಾನು ದಾವಣಗೆರೆ ಕಡೆಯವಳು. ಕೆಮಿಕಲ್ ಓದಿ ಮೊದಲು ಗೊಬ್ಬರದ ಪ್ಲಾಂಟಿನಲ್ಲಿ, ಈಗ ಔಷಧಿಯ ಕಚ್ಚಾ ಪದಾರ್ಥ ಮಾಡುವ ಕಾರ್ಖಾನೆಯಲ್ಲಿ ಇದ್ದೇನೆ. ನೀವು ಕಬ್ಬು ಬೆಳೆಯುವವರು, ಆದ್ದರಿಂದ ನಿಮ್ಮ ಹೊಲದಿಂದಲೇ ಶುರು ಮಾಡುತ್ತೇನೆ.

ಕಬ್ಬಿಗೆ ಎಫ್‌ಆರ್‌ಪಿ, ಅಂದರೆ ಸರ್ಕಾರ ಗೊತ್ತುಮಾಡುವ ಕನಿಷ್ಠ ಬೆಲೆ, ಲೆಕ್ಕ ಹಾಕುವಾಗ ರಿಕವರಿ 10.25 ಅಂತ ಹಿಡಿಯುತ್ತಾರಲ್ಲ? 100 ಟನ್ ಕಬ್ಬಿಗೆ ಹತ್ತೂಕಾಲು ಟನ್ ಸಕ್ಕರೆ. ಉಳಿದದ್ದು ಎಲ್ಲಿ ಹೋಯಿತು? ಈ ಪ್ರಶ್ನೆಯೇ ನಿಮ್ಮ ಮಗಳ ಎರಡನೇ ವರ್ಷ. ಸಬ್ಜೆಕ್ಟಿನ ಹೆಸರು ಪ್ರೋಸೆಸ್ ಕ್ಯಾಲ್ಕ್ಯುಲೇಷನ್ಸ್. ಅಂದಾಜಿನ ಅಂಕಿ ಇಟ್ಟು ಹೇಳುತ್ತೇನೆ. ಗಾಣಕ್ಕೆ 100 ಟನ್ ಕಬ್ಬು ಹೋಗುತ್ತದೆ, ಹಿಂಡುವಾಗ ಮೇಲಿಂದ 30 ಟನ್ ನೀರು ಬಿಡುತ್ತಾರೆ. ಸಿಪ್ಪೆ 30 ಟನ್ ಹೊರಗೆ ಬರುತ್ತದೆ, ಅದರಲ್ಲಿ ಅರ್ಧ ನೀರು. ಹಾಗಾದರೆ ರಸ 100 ಟನ್. ಆ ರಸದ ಬ್ರಿಕ್ಸ್ (ನೂರು ಭಾಗ ರಸದಲ್ಲಿ ಕರಗಿರುವುದು ಎಷ್ಟು ಅನ್ನುವ ಅಳತೆ) 15 ಇದ್ದರೆ ಕರಗಿರುವ ಪದಾರ್ಥ 15 ಟನ್. ಅದನ್ನು ಕಾಯಿಸಿ 60 ಬ್ರಿಕ್ಸ್‌ಗೆ ತರಬೇಕು. ಕರಗಿದ್ದು ಎಲ್ಲೂ ಹೋಗುವುದಿಲ್ಲ, ಹಾಗಾಗಿ 15 ಭಾಗಿಸು 0.6, ಉಳಿಯುವುದು 25 ಟನ್. ಅಂದರೆ 75 ಟನ್ ನೀರನ್ನು ಆವಿ ಮಾಡಬೇಕು. ಆಮೇಲೆ ಸಕ್ಕರೆ ಎಷ್ಟು, ಕಾಕಂಬಿಗೆ ಎಷ್ಟು, ಮಡ್ಡಿಗೆ ಎಷ್ಟು ಅಂತ ಒಂದೊಂದನ್ನೇ ಹಿಡಿಯುತ್ತಾ ಹೋಗುವುದು. ಒಳಗೆ ಹೋದದ್ದೆಲ್ಲ ಲೆಕ್ಕಕ್ಕೆ ಸಿಗಬೇಕು. ಸಿಗದಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ತೂಕ ತಪ್ಪಿದೆ.

ಇದರಲ್ಲಿ ಕೆಮಿಸ್ಟ್ರಿ ಎಲ್ಲಿದೆ ಹೇಳಿ? ಹೆಚ್ಚೇನಿಲ್ಲ. ಬಿಎಸ್ಸಿ ಓದಿದವರು ಯಾವುದು ಯಾವುದರ ಜೊತೆ ಸೇರಿ ಏನಾಗುತ್ತದೆ ಅಂತ ಕಲಿಯುತ್ತಾರೆ. ನಾವು ಅದನ್ನು ಟನ್‌ಗಟ್ಟಲೆ, ದಿನವಿಡೀ, ಸುಡದೆ ಸಿಡಿಯದೆ ಮಾಡುವುದು ಹೇಗೆ ಅಂತ ಕಲಿಯುತ್ತೇವೆ. ಗಣಿತ ಮತ್ತು ಫಿಸಿಕ್ಸ್ ಜಾಸ್ತಿ.

ಆ 75 ಟನ್ ನೀರನ್ನು ಆವಿ ಮಾಡಲು ಉರಿ ಬೇಕಲ್ಲ? ಒಂದು ಟನ್ ಸ್ಟೀಮಿಗೆ ಸುಮಾರು ಒಂದು ಟನ್ ನೀರು ಆವಿಯಾಗುತ್ತದೆ ಅಂದುಕೊಂಡರೆ 75 ಟನ್ ಸ್ಟೀಮ್ ಬೇಕು. ಆದರೆ ಮೊದಲ ಪಾತ್ರೆಯಿಂದ ಎದ್ದ ಆವಿಯನ್ನೇ ಎರಡನೆಯದನ್ನು ಕಾಯಿಸಲು ಬಿಟ್ಟರೆ? ಎರಡನೆಯದರಲ್ಲಿ ಒತ್ತಡ ಕಡಿಮೆ ಮಾಡಿದರೆ ರಸ ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಹೀಗೆ ನಾಲ್ಕು ಪಾತ್ರೆ ಸಾಲಾಗಿ ಇಟ್ಟರೆ ಹತ್ತಿರ ಹತ್ತಿರ ಕಾಲು ಭಾಗ ಸ್ಟೀಮ್ ಸಾಕು. ನಾರ್ಬರ್ಟ್ ರಿಲ್ಯೂ ಅನ್ನುವವನು ಅಮೆರಿಕದ ಲೂಸಿಯಾನಾದಲ್ಲಿ ಕಬ್ಬಿನ ಹಾಲಿಗಾಗಿಯೇ ಮಾಡಿದ ಉಪಾಯ ಇದು, 1843ರಲ್ಲಿ ಪೇಟೆಂಟ್ ಆಯಿತು. ನಿಮ್ಮೂರ ಕಾರ್ಖಾನೆಯಲ್ಲಿ ಸಾಲಾಗಿ ನಿಂತಿರುವ ಎತ್ತರದ ಪಾತ್ರೆಗಳು ಅವೇ. ಇದು ಹೀಟ್ ಟ್ರಾನ್ಸ್‌ಫರ್ ಅನ್ನುವ ಸಬ್ಜೆಕ್ಟ್. ರಸವನ್ನು ಪೈಪಿನಲ್ಲಿ ತಳ್ಳಲು ಎಷ್ಟು ಎಚ್‌ಪಿ ಪಂಪು ಅನ್ನುವುದು ಮೊಮೆಂಟಮ್ ಟ್ರಾನ್ಸ್‌ಫರ್. ಪುಡಿ ಮಾಡುವುದು, ಜರಡಿ, ಸೋಸುವುದು ಮೆಕ್ಯಾನಿಕಲ್ ಆಪರೇಷನ್ಸ್. ಈ ಕೊನೆಯದನ್ನು ಹುಡುಗರು ಹಗುರವಾಗಿ ನೋಡುತ್ತಾರೆ, ಲ್ಯಾಬಿನಲ್ಲಿ ಮೈಯೆಲ್ಲಾ ಧೂಳು ಅಂತ ಗೊಣಗುತ್ತಾರೆ. ನನಗೆ ಕಾರ್ಖಾನೆಯಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಅದೇ. ಔಷಧಿಯ ಪುಡಿ ಸೋಸುವಾಗ ಬಟ್ಟೆ ಕಟ್ಟಿಕೊಂಡರೆ ಇಡೀ ಬ್ಯಾಚು ನಿಂತುಬಿಡುತ್ತದೆ.

ಮೂರನೇ ವರ್ಷದಲ್ಲಿ ನಿಮ್ಮ ಮಗಳು ನೋಡಿ ಬಂದ ಡಿಸ್ಟಿಲರಿ ಬರುತ್ತದೆ. ಸಬ್ಜೆಕ್ಟಿನ ಹೆಸರು ಮಾಸ್ ಟ್ರಾನ್ಸ್‌ಫರ್, ಬೆರೆತದ್ದನ್ನು ಬೇರೆ ಮಾಡುವುದು. ಗ್ರಾಫ್ ಹಾಳೆಯ ಮೇಲೆ ಒಂದು ಬಾಗಿದ ಗೆರೆ, ಅದರ ಕೆಳಗೆ ನೇರ ಗೆರೆ, ಎರಡರ ನಡುವೆ ಪೆನ್ಸಿಲ್‌ನಲ್ಲಿ ಮೆಟ್ಟಿಲು ಎಳೆಯುತ್ತಾ ಹೋಗುವುದು. ಎಷ್ಟು ಮೆಟ್ಟಿಲು ಬಂತೋ ಆ ಲೆಕ್ಕದಲ್ಲಿ ಕಾಲಮ್ಮಿನಲ್ಲಿ, ಅಂದರೆ ಕುದಿಸಿ ಬೇರೆ ಮಾಡುವ ಎತ್ತರದ ಗೋಪುರದಲ್ಲಿ, ತಟ್ಟೆಗಳು. ಮೆಕೇಬ್ ಮತ್ತು ಥೀಲೆ 1925ರಲ್ಲಿ ಕೊಟ್ಟ ವಿಧಾನ, ಇವತ್ತಿಗೂ ಪರೀಕ್ಷೆಯಲ್ಲಿ ಬಂದೇ ಬರುತ್ತದೆ. ಆಲ್ಕೋಹಾಲಿಗೆ ಇದನ್ನು ಮಾಡುತ್ತಾ ಹೋದರೆ ಒಂದು ಕಡೆ ಮೆಟ್ಟಿಲು ಮುಂದೆ ಹೋಗುವುದೇ ಇಲ್ಲ. ತೂಕದಲ್ಲಿ 95.6 ಶೇಕಡಾ ಆದಮೇಲೆ ಆವಿಯಲ್ಲೂ ಅಷ್ಟೇ, ದ್ರವದಲ್ಲೂ ಅಷ್ಟೇ. ಅಲ್ಲಿಂದಾಚೆ ಎಷ್ಟು ಕುದಿಸಿದರೂ ಸುಮ್ನೆ ಉರಿ ದಂಡ. ಪೆಟ್ರೋಲಿಗೆ ಬೆರೆಸಲು 99.5 ಬೇಕು. ಆಗ ಜಿಯೋಲೈಟ್ ಕಾಳುಗಳ ಮೇಲೆ ಆವಿ ಹಾಯಿಸುತ್ತಾರೆ. ಆ ಕಾಳಿನ ತೂತಿಗೆ ನೀರಿನ ಅಣು ಹಿಡಿಸುತ್ತದೆ, ಆಲ್ಕೋಹಾಲಿನ ಅಣು ದಪ್ಪ, ಹೊರಗೇ ಉಳಿಯುತ್ತದೆ. ಇಷ್ಟು ಓದಿ ನಿಮ್ಮ ಮಗಳ ಮುಖ ಅರಳಿದರೆ ಕಣ್ಣುಮುಚ್ಚಿ ಸೇರಿಸಿ. ಆಕಳಿಸಿದರೆ ಭಾವನ ಮಾತು ಕೇಳಿ.

ಅದೇ ವರ್ಷ ರಿಯಾಕ್ಷನ್ ಇಂಜಿನಿಯರಿಂಗ್ ಇರುತ್ತದೆ. ನನಗೆ ಇಷ್ಟದ್ದು. ಲ್ಯಾಬಿನಲ್ಲಿ ಒಂದು ಲೀಟರ್ ಫ್ಲಾಸ್ಕಿನಲ್ಲಿ ಚೆನ್ನಾಗಿ ನಡೆದದ್ದು 1000 ಲೀಟರ್ ರಿಯಾಕ್ಟರಿನಲ್ಲಿ ಯಾಕೆ ಕೈಮೀರುತ್ತದೆ? ಅದೇ ಆಕಾರದಲ್ಲಿ ಉದ್ದ, ಅಗಲ, ಎತ್ತರ ಹತ್ತರಷ್ಟು ಮಾಡಿದರೆ ಒಳಗಿನ ಸರಕು ಸಾವಿರ ಪಟ್ಟು, ಶಾಖ ಹೊರಹೋಗುವ ಮೈ ಮಾತ್ರ ನೂರು ಪಟ್ಟು. ಅಂದರೆ ಪ್ರತಿ ಲೀಟರಿಗೆ ತಣಿಯುವ ಜಾಗ ಹತ್ತರಲ್ಲೊಂದು. ಬಿಸಿ ಹುಟ್ಟಿಸುವ ರಿಯಾಕ್ಷನ್ ಆದರೆ ಒಳಗೆ ಶಾಖ ಕೂಡುತ್ತಾ ಹೋಗುತ್ತದೆ, ಬಿಸಿಯಾದಷ್ಟೂ ರಿಯಾಕ್ಷನ್ ಜೋರಾಗುತ್ತದೆ. ಭೋಪಾಲ್‌ನಲ್ಲಿ 1984ರ ಡಿಸೆಂಬರ್ 2ರ ರಾತ್ರಿ ಎಂಐಸಿ (ಮೀಥೈಲ್ ಐಸೋಸಯನೇಟ್ ಅನ್ನುವ ವಿಷ) ಟ್ಯಾಂಕಿಗೆ ನೀರು ಸೇರಿದಾಗ ಆದದ್ದೂ ಇದೇ ರೀತಿ. ಟ್ಯಾಂಕನ್ನು ತಣ್ಣಗಿಡುವ ವ್ಯವಸ್ಥೆ ನಿಂತಿತ್ತು, ಸೋರಿದ್ದನ್ನು ಸುಡಬೇಕಾದ ಫ್ಲೇರ್ ಕೂಡ ಕೆಲಸ ಮಾಡುತ್ತಿರಲಿಲ್ಲ. ಸೇಫ್ಟಿಯನ್ನು ಹಲವು ಕಡೆ ಕೊನೆಯ ವರ್ಷದ ಎಲೆಕ್ಟಿವ್ ಮಾಡಿ ಇಟ್ಟಿರುತ್ತಾರೆ. ನನ್ನ ಕೈಲಿದ್ದರೆ ಅದು ಎರಡನೇ ವರ್ಷದಲ್ಲೇ ಕಡ್ಡಾಯ.

ಇನ್ನು ಥರ್ಮೋಡೈನಾಮಿಕ್ಸ್. ಅದನ್ನು ಇಲ್ಲಿ ವಿವರಿಸಲು ಹೋಗುವುದಿಲ್ಲ, ಅರ್ಥ ಆಗಲು ನನಗೆ ಕೆಲಸಕ್ಕೆ ಸೇರಬೇಕಾಯಿತು. ಪ್ರೋಸೆಸ್ ಕಂಟ್ರೋಲ್ ಅಂತ ಒಂದಿದೆ, ಬಿಸಿ, ಒತ್ತಡ ತಾನಾಗಿಯೇ ಹದದಲ್ಲಿರುವಂತೆ ನೋಡಿಕೊಳ್ಳುವುದು, ಒಂದೂ ಕಂಟ್ರೋಲ್ ವಾಲ್ವ್ ಕಣ್ಣಲ್ಲಿ ನೋಡದ ಮಕ್ಕಳಿಗೆ ಮೊದಲ ದಿನವೇ ಲಾಪ್ಲಾಸ್ ಅನ್ನುವ ಗಣಿತ ಶುರು ಮಾಡುತ್ತಾರೆ. ಅದು ತಿರುಗಾಮುರುಗಾ ಅಂತ ನನ್ನ ವಾದ, ಮೇಷ್ಟ್ರುಗಳು ಒಪ್ಪುವುದಿಲ್ಲ. ನಾಲ್ಕನೇ ವರ್ಷ ಪ್ಲಾಂಟ್ ಡಿಸೈನ್, ಖರ್ಚಿನ ಲೆಕ್ಕ, ಎಲೆಕ್ಟಿವ್‌ಗಳು, ಪ್ರಾಜೆಕ್ಟ್.

ಮೊದಲ ವರ್ಷ ಬಿಟ್ಟುಬಿಟ್ಟೆ. ಬಿಡಬಹುದು, ಹೆಚ್ಚುಕಡಿಮೆ ಎಲ್ಲ ಬ್ರ್ಯಾಂಚಿಗೂ ಒಂದೇ.

ಕಬ್ಬಿನಗದ್ದೆ:

ಮೇಡಂ, ಬಹಳ ಧನ್ಯವಾದ. ರಿಕವರಿ ಲೆಕ್ಕ ನಾನೇ ಕೂತು ಹಾಕಿ ನೋಡಿದೆ, ಸರಿ ಬಂತು. ಮಗಳು ಆಕಳಿಸಲಿಲ್ಲ, ತಟ್ಟೆಯ ಬಗ್ಗೆ ನನಗೇ ಪಾಠ ಮಾಡಿದಳು. ಇನ್ನೆರಡು ಪ್ರಶ್ನೆ. ಕಂಪ್ಯೂಟರ್ ಏನೂ ಕಲಿಸುವುದಿಲ್ಲವೇ? ಮತ್ತೆ, ಹೆಣ್ಣುಮಗಳು ರಾತ್ರಿ ಪಾಳಿ ಮಾಡಬೇಕಾಗುತ್ತದಾ? ಮನೆಯಲ್ಲಿ ಅವರಮ್ಮನಿಗೆ ಅದೇ ಚಿಂತೆ.

ಐದನೇ_ಸೆಮ್:

ಅಂಕಲ್, ನಾನು ಈಗ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಿನಲ್ಲಿ ಕೆಮಿಕಲ್ ಮೂರನೇ ವರ್ಷ. ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಅಂತ ಇರುತ್ತದೆ, ಒಂದು ಸೆಮಿಸ್ಟರ್ ಫಿಸಿಕ್ಸ್ ಇರುವ ಗುಂಪು, ಇನ್ನೊಂದರಲ್ಲಿ ಕೆಮಿಸ್ಟ್ರಿ ಇರುವ ಗುಂಪು. ಗಣಿತ, ಡ್ರಾಯಿಂಗ್, ಪ್ರೋಗ್ರಾಮಿಂಗ್, ಇಂಗ್ಲಿಷ್, ನಮ್ಮಂಥವರಿಗೆ ಸಾಂಸ್ಕೃತಿಕ ಕನ್ನಡವೂ ಇದೆ. ಒಟ್ಟು 160 ಕ್ರೆಡಿಟ್ ಮುಗಿಸಿದರೆ ಡಿಗ್ರಿ. ಅಟಾನಮಸ್ (ತಮ್ಮ ಸಿಲೆಬಸ್ ತಾವೇ ಮಾಡಿಕೊಳ್ಳುವ) ಕಾಲೇಜುಗಳಲ್ಲಿ ಸಬ್ಜೆಕ್ಟುಗಳ ಹಿಂದುಮುಂದು ಸ್ವಲ್ಪ ಬದಲಾಗುತ್ತದೆ, ಸರಕು ಅದೇ.

ಕಂಪ್ಯೂಟರ್ ಇದೆ. ಇಡೀ ಪ್ಲಾಂಟನ್ನೇ ಸ್ಕ್ರೀನಿನ ಮೇಲೆ ಕಟ್ಟಿ ಓಡಿಸುವ ಸಾಫ್ಟ್‌ವೇರ್‌ಗಳಿವೆ. ಆಸ್ಪೆನ್ ದುಬಾರಿ, ಕಾಲೇಜಿನ ಲ್ಯಾಬಿನಲ್ಲಿ ಮಾತ್ರ. ಡಿಡಬ್ಲ್ಯುಸಿಮ್ ಅನ್ನುವುದು ಉಚಿತ, ಮನೆಯ ಲ್ಯಾಪ್‌ಟಾಪಿನಲ್ಲೇ ಹಾಕಿಕೊಳ್ಳಬಹುದು. ಉಚಿತ ಸಾಫ್ಟ್‌ವೇರ್‌ಗಳ ಬಳಕೆ ಹಬ್ಬಿಸುವ ಐಐಟಿ ಬಾಂಬೆಯ ಫಾಸಿ ತಂಡದವರು ಅದನ್ನು ಕಲಿಯಲು ಸಹಾಯ ಮಾಡುತ್ತಾರೆ. ಪೈಥಾನ್ ನಾವೇ ಕಲಿತುಕೊಳ್ಳುತ್ತೇವೆ, ಲೆಕ್ಕಗಳಿಗೆ ತುಂಬಾ ಉಪಯೋಗ.

ಲ್ಯಾಬ್ ನನಗೆ ಇಷ್ಟ. ಕಾಸ್ಟಿಕ್ ಸೋಡಾ, ಈಥೈಲ್ ಅಸಿಟೇಟ್ ಎರಡನ್ನೂ ಸೇರಿಸಿ ಸ್ವಲ್ಪ ಸ್ವಲ್ಪ ಹೊತ್ತಿಗೆ ತೆಗೆದು ಟೈಟ್ರೇಷನ್ ಮಾಡುತ್ತೇವೆ, ರಿಯಾಕ್ಷನ್ ಎಷ್ಟು ವೇಗ ಅಂತ ಗೊತ್ತಾಗುತ್ತದೆ. ವಾಸನೆ ನೇಲ್ ಪಾಲಿಶಿನದ್ದೇ. ನಮ್ಮ ಲ್ಯಾಬಿನ ಫಿಲ್ಟರ್ ಪ್ರೆಸ್ ಮಾತ್ರ ಎಲ್ಲಾ ಕಡೆ ಸೋರುತ್ತದೆ, ಸುಣ್ಣದ ನೀರು ಶೂ ಮೇಲೆ.

ಬಿ_ಶಿಫ್ಟ್ ಅಕ್ಕ, ಒಂದು ಮಾತಿಗೆ ನನ್ನ ತಕರಾರಿದೆ. ಮೊದಲ ವರ್ಷ ಬಿಡಬಹುದು ಅಂದಿರಿ. ಡಿಫರೆನ್ಷಿಯಲ್ ಈಕ್ವೇಷನ್ ಅಲ್ಲೇ ಹೇಳಿಕೊಡುವುದು. ಅದು ಬಾರದವರು ಹೀಟ್ ಟ್ರಾನ್ಸ್‌ಫರ್‌ನಲ್ಲಿ ಪರದಾಡುತ್ತಿದ್ದಾರೆ.

ಬಿ_ಶಿಫ್ಟ್:

ಸರಿಯಾಗಿ ಹೇಳಿದೆ ತಮ್ಮಾ, ಗಣಿತ ಬಿಡುವ ಹಾಗಿಲ್ಲ.

ಸರ್, ರಾತ್ರಿ ಪಾಳಿ ವಿಷಯ. ಎಲ್ಲಾ ಕೆಲಸಕ್ಕೂ ಪಾಳಿ ಇಲ್ಲ. ಪ್ಲಾಂಟ್ ನಡೆಸುವ ಪ್ರೊಡಕ್ಷನ್ ವಿಭಾಗದಲ್ಲಿ ಇರುತ್ತದೆ, ಯಾಕೆಂದರೆ ಅಮೋನಿಯಾ ಪ್ಲಾಂಟನ್ನು ಸಂಜೆ ಆರಕ್ಕೆ ಆಫ್ ಮಾಡಿ ಮನೆಗೆ ಹೋಗಲು ಆಗುವುದಿಲ್ಲ. ಡಿಸೈನ್ ಕಂಪನಿ, ಆರ್ ಆಂಡ್ ಡಿ, ಎನ್ವಿರಾನ್‌ಮೆಂಟ್ ವಿಭಾಗಗಳಲ್ಲಿ ಸಾಮಾನ್ಯವಾಗಿ ಹಗಲೇ. ಹಿಂದೆ ಫ್ಯಾಕ್ಟರಿ ಕಾಯ್ದೆಯ ಪ್ರಕಾರ ಹೆಂಗಸರಿಗೆ ರಾತ್ರಿ ಕೆಲಸ ಕೊಡುವಂತಿರಲಿಲ್ಲ. ಅದೇ ನೆಪದಲ್ಲಿ ನಮ್ಮನ್ನು ಪ್ರೊಡಕ್ಷನ್ನಿಗೇ ತೆಗೆದುಕೊಳ್ಳುತ್ತಿರಲಿಲ್ಲ. ಇಂಟರ್‌ವ್ಯೂನಲ್ಲಿ ಲೆಕ್ಕ ಕೇಳುವ ಮುಂಚೆ ಮದುವೆ ಯಾವಾಗ ಅಂತ ಕೇಳಿದ ಕಂಪನಿಯೂ ಉಂಟು. ಕರ್ನಾಟಕದಲ್ಲಿ 2023ರಲ್ಲಿ ತಿದ್ದುಪಡಿ ಆಗಿ, ವಾಹನ, ಭದ್ರತೆ ಇತ್ಯಾದಿ ಷರತ್ತುಗಳ ಮೇಲೆ ಅವಕಾಶ ಬಂತು. ನನ್ನ ಹೆಸರು ನೋಡಿದಿರಲ್ಲ, ಬಿ ಶಿಫ್ಟ್ ಅಂದರೆ ಮಧ್ಯಾಹ್ನದ ಪಾಳಿ, ನನಗೆ ಅದೇ ಇಷ್ಟ. ಬೆಳಿಗ್ಗೆ ಮನೆ ಕೆಲಸ ಮುಗಿಯುತ್ತದೆ, ದೊಡ್ಡ ಸಾಹೇಬರು ಐದಕ್ಕೇ ಹೊರಟಿರುತ್ತಾರೆ. ತಾಯಿಯವರಿಗೆ ಹೇಳಿ, ಕಂಟ್ರೋಲ್ ರೂಮಿನಲ್ಲಿ ಒಬ್ಬಳೇ ಕೂರಿಸುವುದಿಲ್ಲ.

ಈಗ ಮಾವನ ಮಾತಿಗೆ. ಕ್ಯಾಂಪಸ್ಸಿಗೆ ಐಟಿ ಕಂಪನಿಗಳೇ ಹೆಚ್ಚು ಬರುತ್ತವೆ, ಅದು ಹೌದು. ಬೆಂಗಳೂರಿನಲ್ಲೇ ಇರಬೇಕು ಅಂತ ಹಟ ಹಿಡಿದರೆ ಈ ಓದು ಕಷ್ಟ ಕೊಡುತ್ತದೆ. ಕೆಲಸ ಇರುವುದು ಮಂಗಳೂರಿನ ಪಣಂಬೂರು ಕಡೆ, ನಂಜನಗೂಡಿನಲ್ಲಿ, ಆಚೆ ಹೈದರಾಬಾದ್, ದಹೇಜ್, ಜಾಮ್‌ನಗರದಲ್ಲಿ. ಊರು ಬಿಡಲು ತಯಾರಿರಬೇಕು. ಮೊದಲ ಸಂಬಳ ಐಟಿಗಿಂತ ಕಡಿಮೆಯೂ ಇರಬಹುದು. ಗೇಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆ ಬರೆದು ಒಳ್ಳೆಯ ಸ್ಕೋರ್ ಬಂದರೆ ಕೆಲವು ಸರ್ಕಾರಿ ಕಂಪನಿಗಳ ದಾರಿ ತೆರೆಯಬಹುದು, ಎಂಟೆಕ್‌ಗೂ ಅದೇ ಪರೀಕ್ಷೆ. ಗೇಟ್‌ನಲ್ಲಿ ಕೇಳುವುದು ಬಹುತೇಕ ಎರಡು ಮತ್ತು ಮೂರನೇ ವರ್ಷದ ಪಾಠ, ಆದ್ದರಿಂದ ಕೋಚಿಂಗ್‌ಗೆ ದುಡ್ಡು ಸುರಿಯುವ ಮೊದಲು ಕ್ಲಾಸಿನಲ್ಲೇ ಸರಿಯಾಗಿ ಓದಲಿ. ಐಐಟಿ ಮೇಷ್ಟ್ರುಗಳ ಎನ್‌ಪಿಟಿಇಎಲ್ ವಿಡಿಯೋ ಪಾಠಗಳು ಉಚಿತವಾಗಿ ಸಿಗುತ್ತವೆ.

ಆಪ್ಷನ್ ಎಂಟ್ರಿಗೆ ಮುಂಚೆ ಒಂದು ಕೆಲಸ ಮಾಡಿ. ಕಾಲೇಜಿಗೆ ಹೋಗಿ ಎಸಿ ಸೆಮಿನಾರ್ ಹಾಲ್ ನೋಡಬೇಡಿ. ಯೂನಿಟ್ ಆಪರೇಷನ್ಸ್ ಲ್ಯಾಬ್, ಅಂದರೆ ಕುದಿಸುವ, ಸೋಸುವ ಯಂತ್ರಗಳಿರುವ ಲ್ಯಾಬ್, ತೋರಿಸಿ ಅನ್ನಿ. ಡಿಸ್ಟಿಲೇಷನ್ ಕಾಲಮ್ ಓಡುತ್ತದೆಯಾ, ಕೊನೆಯ ಸಲ ಯಾವಾಗ ಓಡಿಸಿದ್ದು ಅಂತ ಲ್ಯಾಬ್ ಅಟೆಂಡರನ್ನೇ ಕೇಳಿ, ಎಚ್‌ಓಡಿಯನ್ನಲ್ಲ. ಇನ್‌ಪ್ಲಾಂಟ್ ಟ್ರೇನಿಂಗ್‌ಗೆ ಮಕ್ಕಳನ್ನು ಎಲ್ಲಿಗೆ ಕಳಿಸುತ್ತಾರೆ ಅಂತಲೂ ವಿಚಾರಿಸಿ.

ಕೋಡ್_ಮಾವ:

ಅಟೆಂಡರ್ ಐಡಿಯಾ ಚೆನ್ನಾಗಿದೆ. ನಮ್ಮ ಕಾಲಮ್ಮಿನ ಹೀಟರ್ ಸುಟ್ಟು ಹೋಗಿತ್ತು, ನಾಲ್ಕು ವರ್ಷವೂ ಸೀನಿಯರ್‌ಗಳ ರೆಕಾರ್ಡಿನಿಂದಲೇ ರೀಡಿಂಗ್ ಬರೆದೆವು.

ಕಬ್ಬಿನಗದ್ದೆ:

ಸೋಮವಾರ ಇಬ್ಬರೂ ಹೊರಡುತ್ತಿದ್ದೇವೆ, ಮೂರು ಕಾಲೇಜು ನೋಡುವುದಿದೆ. ಡ್ರಾಯಿಂಗ್ ಬೋರ್ಡು ಈಗಲೇ ಕೊಳ್ಳಬೇಕಾ?

ಐದನೇ_ಸೆಮ್:

ಬೇಡ ಅಂಕಲ್, ಡ್ರಾಯಿಂಗ್ ಈಗ ಬಹಳ ಮಟ್ಟಿಗೆ ಕಂಪ್ಯೂಟರಿನಲ್ಲೇ. ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್ ಒಳ್ಳೆಯದು ಕೊಡಿಸಿ, ಪ್ರೋಗ್ರಾಮ್ ಮಾಡುವಂಥದ್ದು ಬೇಡ, ಪರೀಕ್ಷೆಯಲ್ಲಿ ಬಿಡುವುದಿಲ್ಲ.