ಮುತ್ತಿಗೆ ಹಾಕಿದವರೋ, ಮುತ್ತಿಗೆಗೆ ಸಿಕ್ಕವರೋ?

ಗೆಳೆಯರೇ, ನಮಸ್ಕಾರ.

1857ರ ದಂಗೆಯಲ್ಲಿ ಪದಕ ಪಡೆದ ಸೈನಿಕರ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಲಖನೌ ಮುತ್ತಿಗೆಯಲ್ಲಿ ಶೌರ್ಯ ತೋರಿದವರು’ ಅಂತ ಬರೆದೆ. ಮುಂದಿನ ಪ್ಯಾರಾದಲ್ಲಿ ‘ದೆಹಲಿ ಮುತ್ತಿಗೆಯಲ್ಲಿ ಶೌರ್ಯ ತೋರಿದವರು’ ಅಂತ ಬಂತು. ಅಲ್ಲಿ ಕೈ ನಿಂತಿತು. ಲಖನೌದಲ್ಲಿ ಇಂಗ್ಲಿಷರ ಪಡೆ ರೆಸಿಡೆನ್ಸಿಯ, ಅಂದರೆ ಇಂಗ್ಲಿಷ್ ಪ್ರತಿನಿಧಿಯ ನಿವಾಸದ ಆವರಣದ, ಒಳಗಿತ್ತು, ದಂಗೆಯೆದ್ದ ಸಿಪಾಯಿಗಳು ಹೊರಗೆ. ದೆಹಲಿಯಲ್ಲಿ ತಿರುಗಾಮುರುಗಾ. ಎರಡೂ ಕಡೆ ಕೊಟ್ಟದ್ದು ಅದೇ ವಿಕ್ಟೋರಿಯಾ ಕ್ರಾಸ್, ಬ್ರಿಟನ್ನಿನ ಅತಿ ದೊಡ್ಡ ಶೌರ್ಯಪದಕ. ಆದರೆ ಇವರು ಗೋಡೆಯ ಯಾವ ಮಗ್ಗುಲಲ್ಲಿದ್ದರು ಅಂತ ನನ್ನ ವಾಕ್ಯ ಹೇಳುತ್ತಲೇ ಇಲ್ಲ!

ಮುತ್ತಿಗೆ ಅಂದ ಕೂಡಲೇ ನನಗೆ ಹೊರಗಿನವನೇ ಕಾಣುತ್ತಾನೆ. ಹಲಸಿನ ತೊಳೆಗೆ ನೊಣ ಮುತ್ತುತ್ತದೆ. ಮುತ್ತುವುದು ನೊಣದ ಕೆಲಸ, ತೊಳೆಯದ್ದಲ್ಲ. ಹಾಗಾದರೆ ಒಳಗಿದ್ದವರಿಗೆ ಏನನ್ನೋಣ? ‘ಮುತ್ತಿಗೆಗೊಳಗಾದವರು’ ಅಂದರೆ ಕಾಯಿಲೆ ಬಿದ್ದವರ ಹಾಗೆ ಕೇಳುತ್ತದೆ. ‘ಕಾದವರು’ ಅನ್ನಬಹುದಾ? ನನಗೆ ಇದು ಹಿಡಿಸಿತು. ರೆಸಿಡೆನ್ಸಿಯವರು ಜೂನ್ 30ರಿಂದ ಸೆಪ್ಟೆಂಬರ್ 25ರವರೆಗೆ ಗೋಡೆಯನ್ನೂ ಕಾದರು, ನೆರವನ್ನೂ ಕಾದರು. ತಮಾಷೆ ಅಂದರೆ ಬಿಡಿಸಲು ಬಂದ ಇಂಗ್ಲಿಷ್ ಸೇನಾನಿಗಳಾದ ಹ್ಯಾವ್ಲಾಕ್, ಔಟ್ರಂ ಅವರ ಪಡೆಯೂ ಒಳಗೇ ಸಿಕ್ಕಿಕೊಂಡಿತು. ನವೆಂಬರ್‌ವರೆಗೆ ಅವರೂ ಕಾದವರೇ.

ದೆಹಲಿಗೆ ಇನ್ನೊಂದು ಪದ ಬೇಕು. ಸೆಪ್ಟೆಂಬರ್ 14ರ ಬೆಳಿಗ್ಗೆ ಇಂಗ್ಲಿಷರ ಪಡೆ ದೆಹಲಿ ಕೋಟೆಗೋಡೆಯ ಕಾಶ್ಮೀರಿ ಗೇಟಿನ ಬಾಗಿಲಿಗೆ ಮದ್ದಿನ ಚೀಲ ಇಟ್ಟು ಸಿಡಿಸಿದ್ದು ಮುತ್ತಿಗೆ ಅಲ್ಲ, ಲಗ್ಗೆ. ಮುತ್ತಿಗೆ ತಿಂಗಳುಗಟ್ಟಲೆ ಕೂರುವ ಕೆಲಸ. ಲಗ್ಗೆ ಅಂದರೆ ಎದ್ದು ನುಗ್ಗುವುದು. ಈಗ ಮುತ್ತಿಗೆ ಬೀಳುವುದು ಜಿಲ್ಲಾಧಿಕಾರಿ ಕಚೇರಿಗೆ, ಲಗ್ಗೆ ಇಡುವುದು ಮಾವಿನಹಣ್ಣು ಮಾರುಕಟ್ಟೆಗೆ. ‘ಕೋಟೆಗೆ ಲಗ್ಗೆ ಇಟ್ಟರು’ ಅಂದರೆ ಇವತ್ತಿನ ಓದುಗರಿಗೆ ಪ್ರವಾಸಿಗರು ನೆನಪಾಗುತ್ತಾರೇನೋ. ‘ಲಗ್ಗೆ ಹತ್ತಿದರು’ ಅಂದರೆ ಏಣಿಯಾದರೂ ಕಣ್ಣಿಗೆ ಬರುತ್ತದೆ. ಆದರೆ ಇಲ್ಲಿ ಬಾಗಿಲು ಒಡೆದದ್ದು, ಏಣಿ ಹಾಕಿದ್ದಲ್ಲ.

ಆ ಬಾಗಿಲಿನ ಹತ್ತಿರ ಇದ್ದ ಹೋಮ್, ಸಾಲ್ಕೆಲ್ಡ್, ಸ್ಮಿತ್ ಮತ್ತು ಕಹಳೆಯ ಹಾಥಾರ್ನ್ ನಾಲ್ವರಿಗೂ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಜೊತೆಗೆ ಹೋದ ಹವಾಲ್ದಾರ್ ಮಾಧೋ, ತಿಲೋಕ್ ಸಿಂಗ್ ಅವರಿಗೆ ಅದು ಸಿಗುವಂತೆಯೇ ಇರಲಿಲ್ಲ. ಭಾರತೀಯ ಸೈನಿಕರಿಗೆ ಆ ಪದಕದ ಬಾಗಿಲು ತೆರೆದದ್ದು 1911ರಲ್ಲಿ. ಅಲ್ಲಿಯವರೆಗೆ ಅವರಿಗಿದ್ದದ್ದು ಈಸ್ಟ್ ಇಂಡಿಯಾ ಕಂಪನಿ 1837ರಲ್ಲಿ ಶುರು ಮಾಡಿದ ಆರ್ಡರ್ ಆಫ್ ಮೆರಿಟ್. ಅದರ ಜೊತೆ ಸಂಬಳವೂ ಸ್ವಲ್ಪ ಜಾಸ್ತಿಯಾಗುತ್ತಿತ್ತು. ಹಾಗಾಗಿ ಎಲ್ಲರಿಗೂ ಸೇರಿಸಿ ‘ಶೌರ್ಯಪದಕ ಪಡೆದರು’ ಅಂತ ಒಂದೇ ಸಾಲಿನಲ್ಲಿ ಮುಗಿಸಲು ಮನಸ್ಸಿಲ್ಲ. ಎರಡರ ಹೆಸರನ್ನೂ ಹಾಗೇ ಇಟ್ಟಿದ್ದೇನೆ.

ಇನ್ನು ‘ಪದಕದಿಂದ ಅಲಂಕೃತರಾದ’ ಅಂತ ಪತ್ರಿಕೆಗಳಲ್ಲಿ ಆಗಾಗ ಕಾಣುತ್ತದೆ. ಜೋರಾಗಿ ಓದಿದೆ. ಅಡುಗೆಮನೆಯಿಂದ ಅಮ್ಮ, ‘ಯಾವೂರ ತೇರೋ ಅದು?’ ಅಂದರು. ಅದನ್ನು ಹೊಡೆದು ಹಾಕಿದೆ.

ಉಳಿದದ್ದು ಎರಡು ಪ್ರಶ್ನೆ. ಒಳಗಿದ್ದವರಿಗೆ ‘ಕಾದವರು’ ಸಾಕಾ, ಅಥವಾ ‘ಕಾದಿದವರು’ ಅಂದುಕೊಂಡು ಓದುಗರು ಗೊಂದಲಕ್ಕೆ ಬೀಳುತ್ತಾರಾ? ಬಾಗಿಲು ಒಡೆದು ನುಗ್ಗುವುದಕ್ಕೆ ನಿಮ್ಮ ಕಡೆ ಲಗ್ಗೆ ಬಿಟ್ಟು ಬೇರೆ ಮಾತಿದೆಯಾ?