ನನಗೆ ನಾನೇ ಅಂಟಿಸಿಕೊಂಡ ಪದ

ಇಂಗ್ಲೆಂಡಿನಲ್ಲಿ ಮಕ್ಕಳನ್ನು ಓದಿಸುತ್ತಿರುವವರಿಗೆ ಈ 'ಸೆಟ್'ಗಳ ಗೋಳು ಗೊತ್ತೇ ಇರುತ್ತದೆ. ಸೆಟ್ ಅಂದರೆ ಒಂದೊಂದು ವಿಷಯಕ್ಕೂ ಮಕ್ಕಳ ಮಟ್ಟ ನೋಡಿ ಮಾಡುವ ಗುಂಪು. ಹೋದ ತಿಂಗಳು ನನ್ನ ಮಗಳನ್ನು ಗಣಿತದಲ್ಲಿ ಒಂದು ಸೆಟ್ ಕೆಳಗೆ ಹಾಕಿದರು. ನಮಗೆ ಒಂದು ಮಾತೂ ಹೇಳಿರಲಿಲ್ಲ. ರಾತ್ರಿ ಸಿಟ್ಟಿನಲ್ಲಿ ಕೂತು ಇಮೇಲ್ ಬರೆದೆ. ಅಸಮಾಧಾನಕ್ಕೆ ಒಂದು ಗಟ್ಟಿ ಪದ ಬೇಕಿತ್ತು. 'ಐ ಆಮ್ ಡಿಸ್‌ಗ್ರಂಟಲ್ಡ್' ಅಂತ ಹಾಕಿದೆ. ತೂಕವಾಗಿದೆ ಅನ್ನಿಸಿತು.

ಮಗಳು ಹಿಂದಿನಿಂದ ಇಣುಕಿ ಓದಿ ಕಿಸಕ್ಕನೆ ನಕ್ಕಳು. "ಅಮ್ಮಾ, ಇದನ್ನ ಬೇರೆಯವರು ನಮ್ಮ ಬಗ್ಗೆ ಹೇಳ್ತಾರೆ. ನಾವೇ ಹೇಳ್ಕೊಳ್ಳಲ್ಲ!"

ನಿಜ ಅಲ್ವಾ? ಪೇಪರಿನಲ್ಲಿ ಈ ಪದದ ಪಕ್ಕ ಹೆಚ್ಚಾಗಿ 'ಎಂಪ್ಲಾಯಿ' ಇರುತ್ತದೆ. ಕೆಲಸ ಬಿಟ್ಟವನೊಬ್ಬ ಕಂಪನಿಯ ಹುಳುಕು ಎತ್ತಿ ಆಡಿದ ಅನ್ನಿ. ಅವನಿಗೆ ಈ ಪದ ಅಂಟಿಸಿದರೆ ಮುಗಿಯಿತು. ಹುಳುಕು ಮರೆಯಾಗಿ ಅವನ ಊದಿದ ಮುಖವಷ್ಟೇ ಉಳಿಯುತ್ತದೆ. 'ಡಿಸ್‌ಸ್ಯಾಟಿಸ್‌ಫೈಡ್' ಅಂದರೆ ಹಾಗಲ್ಲ, ದೂರಿಗೂ ಒಂದು ಬೆಲೆ ಇರುತ್ತದೆ.

ಆಮೇಲೆ ಸುಮ್ನೆ ಪದದ ಬೇರು ಹುಡುಕಿದೆ. ಸಿಕ್ಕಿದ್ದು ಹಂದಿ! 'ಗ್ರಂಟ್' ಅಂದರೆ ಹಂದಿಯ ಗುಟುರು. ಅದನ್ನೇ ಸಣ್ಣಗೆ, ಬಿಡದೆ ಮಾಡುತ್ತಿದ್ದರೆ 'ಗ್ರಂಟಲ್', ಅಂದರೆ ನಮ್ಮ ಗೊಣಗಾಟ. 17ನೇ ಶತಮಾನದಲ್ಲಿ ಅದಕ್ಕೆ 'ಡಿಸ್' ಸೇರಿತು. ಇಲ್ಲಿ 'ಡಿಸ್' ಅಂದರೆ 'ಇಲ್ಲ' ಅಂತಲ್ಲ, 'ಇನ್ನೂ ಜಾಸ್ತಿ' ಅಂತ. ಆ ಲೆಕ್ಕದಲ್ಲಿ 'ಗ್ರಂಟಲ್ಡ್' ಅಂದರೆ ಖುಷಿ ಅಂತ ಆಗಬಾರದು. ಆದರೂ 1938ರ ಕಾದಂಬರಿಯೊಂದರಲ್ಲಿ ಇಂಗ್ಲಿಷ್ ಹಾಸ್ಯ ಲೇಖಕ ವುಡ್‌ಹೌಸ್ ಹಾಗೇ ತಮಾಷೆಗೆ ಬಳಸಿದ, ಜನಕ್ಕೆ ಹಿಡಿಸಿಬಿಟ್ಟಿತು.

ಇದಕ್ಕೆ ಕನ್ನಡದಲ್ಲಿ ಏನು ಅಂತ ಮಗಳು ಕೇಳಿದಳು. 'ಮುನಿಸು' ಅಂದೆ. ಬಾಯಿಂದ ಬಂದ ಮೇಲೆ ಸರಿ ಅನ್ನಿಸಲಿಲ್ಲ. ಮುನಿಸಿಗೆ ರಮಿಸುವವರು ಬೇಕು. ಸ್ಕೂಲಿನವರು ಬಂದು ನನ್ನನ್ನು ಯಾಕೆ ರಮಿಸುತ್ತಾರೆ? 'ಗೊಣಗುವವಳು' ಅನ್ನೋದೇ ಹತ್ತಿರ. ಅದನ್ನೂ ಯಾರೂ ತನ್ನ ಬಗ್ಗೆ ಹೇಳಿಕೊಳ್ಳುವುದಿಲ್ಲ ನೋಡಿ.

ಕೊನೆಗೆ ಅವಳೇ ಪದ ಅಳಿಸಿ 'ಡಿಸಪಾಯಿಂಟೆಡ್' ಅಂತ ಹಾಕಿದಳು. ಇಲ್ಲಿ ಮೆತ್ತಗಿನ ಮಾತೇ ಚೆನ್ನಾಗಿ ನಾಟುತ್ತದಂತೆ. ಮರುದಿನವೇ ಉತ್ತರ ಬಂತು, ಗುರುವಾರ ಬಂದು ಮಾತಾಡಿ ಅಂತ. ಇವಳು ನೋಡಿದರೆ ಈಗ ಕೆಳಗಿನ ಸೆಟ್ಟೇ ಇರಲಿ ಅನ್ನುತ್ತಿದ್ದಾಳೆ, ಗೆಳತಿ ಅಲ್ಲಿದ್ದಾಳಂತೆ.